ಕಾಯುವುದೆಂಬ ಕಾಯಕ

ಕನ್ನಡದಲ್ಲಿ ‘ಕಾಯು’ ಎಂಬ ಒಂದೇ ಮಾತು ಎರಡು ಅರ್ಥಗಳನ್ನು ಹೊತ್ತಿದೆ. ಬರಲಿರುವುದನ್ನು ಎದುರುನೋಡುವುದೂ ಕಾಯುವುದೇ. ಇರುವುದನ್ನು ಕಾಪಾಡುವುದೂ ಕಾಯುವುದೇ. ಸಂತೆಗೆ ಹೋಗುವ ಬಸ್ಸನ್ನು ಕಾಯುವವನು ಕೈಕಟ್ಟಿ ಕುಳಿತಿರುತ್ತಾನೆ. ತೆನೆಗಟ್ಟಿದ ಜೋಳವನ್ನು ಕಾಯುವವನು ಕೈಯಲ್ಲಿಯ ಕವಣೆಯನ್ನು ಕೆಳಗಿಡುವುದಿಲ್ಲ. ಮೊದಲನೆಯವನಿಗೆ ಹೊತ್ತನ್ನು ಕಳೆಯುವುದೇ ಕಷ್ಟ. ಎರಡನೆಯವನಿಗೆ ಹೊತ್ತೇ ಸಾಲದು. ಮನೆಯೊಳಗೆ ಘೋರವಾದ ರೋಗವೊಂದು ಕಾಲಿಟ್ಟು, ಶಸ್ತ್ರಚಿಕಿತ್ಸೆಯ ದಿನ ಗೊತ್ತಾಗಿ, ಆ ದಿನಕ್ಕೆ ಇನ್ನೂ ಕೆಲವು ವಾರಗಳು ಉಳಿದಿರುವಾಗ, ಸತಿಗಾಗಿ ಪತಿಯೂ ಪತಿಗಾಗಿ ಸತಿಯೂ ಕಾಯಬೇಕಾದುದು ಈ ಎರಡರಲ್ಲಿ ಯಾವ ಬಗೆಯಿಂದ? ಗೃಹಸ್ಥರಾದವರೆಲ್ಲರೂ ವಿಚಾರಿಸತಕ್ಕ ಪ್ರಶ್ನೆಯಿದು.

ತುಂಗಭದ್ರೆಯ ದಡದ ಹಂಪಸಾಗರದಲ್ಲಿ, ಇಲ್ಲವೆ ಆ ಸೀಮೆಯ ಯಾವುದೇ ಊರಿನಲ್ಲಿ, ಒಂದು ಒಕ್ಕಲುಮನೆಯನ್ನು ಕಲ್ಪಿಸಿಕೊಳ್ಳಬಹುದು. ಮನೆಯೊಡತಿಗೆ ಐವತ್ತರ ಪ್ರಾಯ. ಎದೆಯಲ್ಲಿ ಕಡಲೆಕಾಳಿನಷ್ಟು ಗಂಟೊಂದು ಕೈಗೆ ಹತ್ತಿ ಆರು ತಿಂಗಳಾಗಿತ್ತು. ನೋವಿಲ್ಲದ ಕಾರಣ ಆಕೆ ಅದನ್ನು ಲೆಕ್ಕಿಸಲಿಲ್ಲ. ನಾಚಿಕೆಯ ಕಾರಣ ಯಾರಿಗೂ ಹೇಳಲಿಲ್ಲ. ಗಂಟು ಬೆಳೆದ ಮೇಲೆ ಮಗಳು ಅರಿತು ಹಗರಿಬೊಮ್ಮನಹಳ್ಳಿಗೆ ಕರೆದೊಯ್ದಳು. ಅಲ್ಲಿಂದ ದೊಡ್ಡ ಆಸ್ಪತ್ರೆಗೆ ಹೋಗಬೇಕಾಯಿತು. ಸೂಜಿಯಿಂದ ಗಂಟಿನ ಚೂರನ್ನು ತೆಗೆದು ಪರೀಕ್ಷೆ ಮಾಡಿಸಿದ ವೈದ್ಯರು ಅದು ಸ್ತನದ ಕ್ಯಾನ್ಸರ್ ಎಂದು ನಿರ್ಣಯಿಸಿದರು. ಮೂರು ವಾರಗಳ ಮುಂದೆ ಶಸ್ತ್ರಚಿಕಿತ್ಸೆಯ ದಿನವನ್ನು ಗೊತ್ತುಮಾಡಿದರು. ಈ ಮಾತನ್ನು ಕೇಳಿದವನು ಪತಿಯೊಬ್ಬನೇ. ಆಕೆ ಹೊರಗಿನ ಬೆಂಚಿನ ಮೇಲೆ ಕುಳಿತಿದ್ದಳು. ಊರಿಗೆ ಹಿಂದಿರುಗುವ ಬಸ್ಸಿನಲ್ಲಿ ಇಬ್ಬರೂ ಒಂದೇ ಆಸನದಲ್ಲಿದ್ದರು. ಮೂವತ್ತು ವರ್ಷ ಮಳೆಯನ್ನೂ ಬರವನ್ನೂ ಜೊತೆಯಾಗಿ ಕಂಡವರು ದಾರಿಯುದ್ದಕ್ಕೂ ಒಂದು ಮಾತನ್ನೂ ಆಡಲಿಲ್ಲ.

ಇಂಥ ಮನೆಗಳು ಒಂದೆರಡಲ್ಲ. ಭಾರತದ ಸ್ತ್ರೀಯರಲ್ಲಿ ಇಂದು ಎಲ್ಲಕ್ಕಿಂತ ಹೆಚ್ಚಾಗಿ ಕಾಣಬರುವುದು ಸ್ತನದ ಕ್ಯಾನ್ಸರ್. ಪುರುಷರಲ್ಲಿ ಮುಂದಿರುವುದು ಬಾಯಿಯ ಕ್ಯಾನ್ಸರ್. ತಂಬಾಕು ಅದಕ್ಕೆ ಮುಖ್ಯ ಕಾರಣ. ಅಲ್ಲಿ ಮಲಗಿದವನು ಪತಿಯಾಗುತ್ತಾನೆ, ಕಾಯುವವಳು ಸತಿಯಾಗುತ್ತಾಳೆ. ಪಾತ್ರಗಳು ಅದಲುಬದಲಾದರೂ ಧರ್ಮ ಒಂದೇ.

ಮೊದಲನೆಯ ಪ್ರಶ್ನೆ ಸತ್ಯದ್ದು. ರೋಗದ ಹೆಸರನ್ನು ರೋಗಿಗೆ ತಿಳಿಸಬೇಕೆ, ಮುಚ್ಚಿಡಬೇಕೆ? ‘ಹೇಳಿದರೆ ಎದೆಯೊಡೆದುಕೊಂಡಾಳು, ಗಂಟು ತೆಗೆಸುವುದಿದೆ ಎಂದಷ್ಟೇ ಹೇಳಿದರಾಯಿತು’ ಎಂದು ಬಂಧುಗಳು ಉಪದೇಶಿಸುತ್ತಾರೆ. ಈ ಉಪದೇಶದ ಬೇರು ಕರುಣೆಯಲ್ಲಿದೆಯೆಂಬುದನ್ನು ಅಲ್ಲಗಳೆಯಲಾಗದು. ಆದರೆ ಅದರ ಫಲವೇನೆಂಬುದನ್ನು ನೋಡಬೇಕು. ಮನೆಗೆ ಹಣ್ಣುಹಂಪಲು ಹಿಡಿದು ಬರುವ ನೆಂಟರು ಹೆಚ್ಚುತ್ತಾರೆ. ಆಕೆ ಪಡಸಾಲೆಗೆ ಬಂದೊಡನೆ ನಡೆಯುತ್ತಿದ್ದ ಮಾತು ನಿಲ್ಲುತ್ತದೆ. ಎಂದೂ ಕೇಳದ ಸೊಸೆ ‘ಊಟ ಸೇರಿತೆ ಅತ್ತೆಮ್ಮ’ ಎಂದು ಕೇಳುತ್ತಾಳೆ. ಮೂವತ್ತು ವರ್ಷ ಆ ಮನೆಯ ಮುಖಗಳನ್ನು ಓದಿದವಳಿಗೆ ಇಷ್ಟು ಸಾಲದೆ? ಆಕೆಗೆ ತಿಳಿಯುತ್ತದೆ. ತನಗೆ ತಿಳಿದಿದೆಯೆಂದು ಗೊತ್ತಾದರೆ ಪತಿ ನೊಂದಾನೆಂದು ಆಕೆಯೂ ಸುಮ್ಮನಾಗುತ್ತಾಳೆ. ಹೀಗೆ ಇಬ್ಬರೂ ಒಂದೇ ಭಾರವನ್ನು ಹೊತ್ತು ಬೇರೆ ಬೇರೆ ದಾರಿಯಲ್ಲಿ ನಡೆಯುತ್ತಾರೆ. ಹೊರೆಯೇನೂ ಕಡಮೆಯಾಗುವುದಿಲ್ಲ, ಜೊತೆ ಮಾತ್ರ ತಪ್ಪುತ್ತದೆ.

ದೂರದೇಶದ ದೃಷ್ಟಾಂತವೊಂದನ್ನು ಇಲ್ಲಿ ನೆನೆಯಬಹುದು. ಫ್ಯಾನಿ ಬರ್ನಿ ಎಂಬ ಇಂಗ್ಲಿಷ್ ಕಾದಂಬರಿಗಾರ್ತಿಗೆ 1811ರ ಸೆಪ್ಟೆಂಬರ್ 30ರಂದು ಪ್ಯಾರಿಸ್ ನಗರದಲ್ಲಿ ಸ್ತನದ ಶಸ್ತ್ರಚಿಕಿತ್ಸೆಯಾಯಿತು. ನೋವು ತಿಳಿಯದಂತೆ ಮಾಡುವ ಅರಿವಳಿಕೆಯ ಮದ್ದು ಯೂರೋಪಿಗೆ ಇನ್ನೂ ಬಂದಿರದ ಕಾಲವದು. ಆಕೆಯ ಪತಿ ದಾರ್ಬ್ಲೇ ಫ್ರಾನ್ಸಿನವನು. ಆತನು ತನ್ನ ಯಾತನೆಯನ್ನು ಕಂಡು ತಾಳಲಾರನೆಂದು ಬಗೆದು, ಆ ಹೊತ್ತಿಗೆ ಆತನು ಮನೆಯಿಂದ ದೂರವಿರುವಂತೆ ಆಕೆಯೇ ಏರ್ಪಾಡು ಮಾಡಿದಳು. ಎಲ್ಲ ವಿವರವನ್ನೂ ತಿಂಗಳುಗಳ ಅನಂತರ ಅಕ್ಕನಿಗೆ ಬರೆದ ಪತ್ರದಲ್ಲಿ ದಾಖಲಿಸಿದಳು. ಆ ಪತ್ರವನ್ನು ಮತ್ತೆ ಓದಿ ನೋಡುವ ಧೈರ್ಯ ಆಕೆಗಾಗಲಿಲ್ಲ. ಕಾಯಿಲೆಯವರೂ ಕಾಯುವವರನ್ನು ಕಾಯುತ್ತಾರೆಂಬುದಕ್ಕೆ ಇದು ಸಾಕ್ಷಿ. ಆಕೆಯ ಪ್ರೇಮ ದೊಡ್ಡದೆಂಬುದರಲ್ಲಿ ಸಂಶಯವಿಲ್ಲ. ಆದರೆ ಆ ದಿನದ ಏಕಾಂತವೂ ಅಷ್ಟೇ ದೊಡ್ಡದು. ಇನ್ನೊಂದು ಸಂಗತಿಯೂ ಇಲ್ಲಿ ಗಮನಿಸತಕ್ಕದ್ದು. ಗಟ್ಟಿಯಾಗಿದ್ದ ಪತಿ 1818ರಲ್ಲಿ ತೀರಿಕೊಂಡನು. ಶಸ್ತ್ರಕ್ಕೆ ಎದೆಯೊಡ್ಡಿದ ಸತಿ 1840ರವರೆಗೆ ಬಾಳಿದಳು. ಯಾರು ಯಾರನ್ನು ಅಗಲುವರೆಂಬುದನ್ನು ರೋಗದ ಹೆಸರು ತೀರ್ಮಾನಿಸುವುದಿಲ್ಲ.

ಆದುದರಿಂದ ಸತ್ಯವನ್ನು ಹಂಚಿಕೊಳ್ಳುವುದೇ ಧರ್ಮ. ದೇಹ ಆಕೆಯದು, ಕೊಯ್ಯಿಸಿಕೊಳ್ಳತಕ್ಕವಳು ಆಕೆ, ಒಪ್ಪಿಗೆಯ ಕಾಗದಕ್ಕೆ ರುಜು ಹಾಕತಕ್ಕವಳೂ ಆಕೆಯೇ. ತಿಳಿಯದೆ ಕೊಟ್ಟ ಒಪ್ಪಿಗೆ ಒಪ್ಪಿಗೆಯಾಗದು. ಹಾಗೆಂದು ಸತ್ಯವನ್ನು ಕಲ್ಲಿನಂತೆ ಎಸೆಯತಕ್ಕದ್ದಲ್ಲ. ರಾತ್ರಿ ಉಂಡು ಅಂಗಳದಲ್ಲಿ ಕುಳಿತಾಗ, ‘ಡಾಕ್ಟರು ಹೇಳಿದ್ದು ನಿನಗೆ ಹೇಳಲೇನು? ಎಷ್ಟು ಕೇಳಬೇಕೆನಿಸುತ್ತದೋ ಅಷ್ಟು ಕೇಳು’ ಎಂದರೆ ಸಾಕು. ಎಷ್ಟು ಬೇಕೆಂಬುದನ್ನು ಕೇಳುವವರೇ ಅಳೆದುಕೊಳ್ಳುತ್ತಾರೆ. ಹೇಳುವವನು ಎರಡು ತಪ್ಪುಗಳಿಂದ ದೂರವಿರಬೇಕು: ಇರುವುದಕ್ಕಿಂತ ಕಡಮೆ ಹೇಳುವುದು ಒಂದು, ಇರುವುದಕ್ಕಿಂತ ಹೆಚ್ಚು ಹೇಳುವುದು ಇನ್ನೊಂದು. ‘ನಿನಗೆ ಏನೂ ಆಗುವುದಿಲ್ಲ’ ಎಂಬ ಭರವಸೆ ಪ್ರೀತಿಯ ಮಾತಾದರೂ, ಅದನ್ನು ಕೊಡುವ ಅಧಿಕಾರ ಮನುಷ್ಯನ ಕೈಯಲ್ಲಿಲ್ಲ. ‘ಏನೇ ಆಗಲಿ, ನಾನು ಜೊತೆಗಿದ್ದೇನೆ’ ಎಂಬ ಮಾತು ಆತನ ಕೈಯಲ್ಲಿದೆ. ಕೈಯಲ್ಲಿರುವುದನ್ನು ಕೊಟ್ಟವನು ದಾನಿ; ಇಲ್ಲದುದನ್ನು ಕೊಟ್ಟವನು ಸಾಲಗಾರ.

ಎರಡನೆಯ ಪ್ರಶ್ನೆ ಭಯದ್ದು. ಈ ಮೂರು ವಾರಗಳನ್ನು ಕಳೆಯುವುದು ಹೇಗೆ? ಹನ್ನೆರಡನೆಯ ಶತಮಾನದ ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳ ಚರಿತ್ರೆ ಇದಕ್ಕೆ ದಾರಿ ತೋರುತ್ತದೆ. ಕಲ್ಯಾಣದ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಅದನ್ನು ಅಟ್ಟು ಜಂಗಮಕ್ಕೆ ನೀಡುವುದು ಲಕ್ಕಮ್ಮನ ದಾಸೋಹ. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದನು. ಲಕ್ಕಮ್ಮ ಹಿಗ್ಗಲಿಲ್ಲ. ಅಂದಿಗೆ ಬೇಕಾದುದಕ್ಕಿಂತ ಮಿಗಿಲಾದುದು ತಮಗೆ ಸಲ್ಲದೆಂದು ತಿಳಿಹೇಳಿ, ಅದನ್ನು ಇದ್ದೆಡೆಗೇ ಹಿಂದಿರುಗಿಸಿ ಬರುವಂತೆ ಮಾಡಿದಳು. ಈ ಪ್ರಸಂಗವನ್ನು ಐಶ್ವರ್ಯಕ್ಕೆ ಅನ್ವಯಿಸಿ ಹೇಳುವುದು ವಾಡಿಕೆ. ಆದರೆ ಮನುಷ್ಯನು ನಾಳೆಗಾಗಿ ಕೂಡಿಡುವುದು ಧಾನ್ಯವನ್ನೊಂದೇ ಅಲ್ಲ, ಭಯವನ್ನೂ ಕೂಡಿಡುತ್ತಾನೆ. ಶಸ್ತ್ರಚಿಕಿತ್ಸೆ ಮೂರು ವಾರಗಳ ಮುಂದಿರುವಾಗಲೇ ಆ ದಿನದ ಭಯ, ಅದರಾಚೆಯ ಔಷಧಗಳ ಭಯ, ಐದು ವರ್ಷಗಳಾಚೆಯ ಭಯ, ಇವೆಲ್ಲವನ್ನೂ ಇಂದೇ ಆಯ್ದು ಮನೆಗೆ ತರುತ್ತಾನೆ. ಅಷ್ಟನ್ನೂ ಇಂದೇ ಅಟ್ಟು ಉಣ್ಣಲು ಸಾಧ್ಯವೆ? ಇಂದಿನ ಪಾಲಿಗೆ ಇಂದಿನ ಭಯವೇ ಸಾಕು. ಮಿಕ್ಕುದನ್ನು ಇದ್ದೆಡೆಗೆ ಹಿಂದಿರುಗಿಸುವುದು ಲಕ್ಕಮ್ಮನ ದಾರಿ.

ಇದರಿಂದ ನಿಶ್ಚಿಂತೆಯಾಗಿ ಕುಳಿತಿರಬೇಕೆಂದು ಅರ್ಥವಲ್ಲ. ಅದೇ ಲಕ್ಕಮ್ಮ, ಅನುಭವಮಂಟಪದ ಗೋಷ್ಠಿಯಲ್ಲಿ ಮೈಮರೆತ ಪತಿಗೆ ಕಾಯಕದ ಹೊತ್ತು ಮೀರುತ್ತಿರುವುದನ್ನು ನೆನಪಿಸಿದವಳು. ಸದ್ವಿಚಾರದ ಮಾತೂ ಕೆಲಸವನ್ನು ನುಂಗಿದರೆ ದೋಷವಾಗುತ್ತದೆಂದ ಮೇಲೆ, ನೆಂಟರೊಡನೆ ಮುಗಿಯದ ಚಿಂತೆಯ ಮಾತು ಇನ್ನೆಷ್ಟು ದೋಷವಾಗಬೇಡ? ಕಾಯುವ ದಿನಗಳಿಗೆ ತಮ್ಮದೇ ಆದ ಕಾಯಕವಿದೆ. ಪರೀಕ್ಷೆಗಳ ಕಾಗದಗಳನ್ನೆಲ್ಲ ದಿನಾಂಕದ ಕ್ರಮದಲ್ಲಿ ಒಂದೇ ಚೀಲದಲ್ಲಿಡಬೇಕು. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಇದ್ದರೆ ವೈದ್ಯರಿಗೆ ಮೊದಲೇ ತಿಳಿಸಬೇಕು. ನಿತ್ಯ ನುಂಗುವ ಗುಳಿಗೆಗಳನ್ನೂ, ಹಿತ್ತಲ ಕಷಾಯಗಳನ್ನೂ ಮುಚ್ಚಿಡದೆ ಹೇಳಬೇಕು; ರಕ್ತವನ್ನು ತೆಳುಗೊಳಿಸುವ ಮದ್ದುಗಳು ಶಸ್ತ್ರಚಿಕಿತ್ಸೆಯ ಹೊತ್ತಿಗೆ ಅಪಾಯ ತರಬಹುದು. ಅವನ್ನು ಯಾವಾಗ ನಿಲ್ಲಿಸಬೇಕೆಂಬುದನ್ನು ವೈದ್ಯರೇ ಹೇಳತಕ್ಕದ್ದು. ತಂಬಾಕನ್ನು ಅಂದೇ ಬಿಡಬೇಕು. ಗಾಯ ಮಾಯುವುದಕ್ಕೂ ಉಸಿರಾಟಕ್ಕೂ ಅದು ಶತ್ರು. ಬೇಳೆ, ಹಾಲು, ಮೊಳಕೆಕಾಳುಗಳಿಂದ ಮೈಗೆ ಬಲ ಬರುವಂತೆ ಉಣಿಸಬೇಕು. ದಿನವೂ ಸ್ವಲ್ಪ ದೂರ ನಡೆಯಿಸಬೇಕು. ಬಡತನದ ರೇಖೆಯ ಕೆಳಗಿನ ಕುಟುಂಬಗಳಿಗೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗಿನ ಚಿಕಿತ್ಸೆಗೆ ನೆರವಾಗುವ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ 2018ರಿಂದ ಬಂದಿದೆ. ಅದರ ವಿಚಾರಣೆ ಮಾಡಿ, ಪಡಿತರ ಚೀಟಿ, ಆಧಾರ್ ಮುಂತಾದವನ್ನು ಹೊಂದಿಸಿಕೊಳ್ಳಬೇಕು. ಎತ್ತು ಮಾರುವ ಮೊದಲು ಇದಷ್ಟನ್ನು ಮಾಡುವುದು ಲೇಸು.

ಈ ಕೆಲಸಗಳು ಸಣ್ಣವೆಂದು ತೋರಬಹುದು. ಆದರೆ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಒಂದೊಂದಾಗಿ ಆಯುವುದು ದೊಡ್ಡ ಕೆಲಸವೆ? ಸಣ್ಣದನ್ನು ಶ್ರದ್ಧೆಯಿಂದ ಮಾಡಿದಾಗ ಅದು ಕಾಯಕವಾಯಿತು. ಭಯ ಬಂದಾಗ ಕೈಗೊಂದು ಕೆಲಸವಿದ್ದರೆ ಮನಸ್ಸಿಗೊಂದು ನೆಲೆ ದೊರೆಯುತ್ತದೆ.

ಇಲ್ಲಿ ಒಂದು ಎಚ್ಚರಿಕೆಯೂ ಸಲ್ಲುತ್ತದೆ. ಕಾಯುವ ದಿನಗಳಲ್ಲಿ ಬಗೆಬಗೆಯ ಉಪದೇಶಗಳು ಮನೆಯ ಬಾಗಿಲಿಗೆ ಬರುತ್ತವೆ. ‘ಕತ್ತಿ ತಾಗಿದರೆ ರೋಗ ಹಬ್ಬುತ್ತದೆ’ ಎಂದು ಒಬ್ಬರು, ‘ಇಂಥ ಊರಿನ ಬೇರು ತಿಂದರೆ ಗಂಟು ಕರಗುತ್ತದೆ’ ಎಂದು ಇನ್ನೊಬ್ಬರು ಹೇಳುತ್ತಾರೆ. ಶಸ್ತ್ರಚಿಕಿತ್ಸೆಯಿಂದ ರೋಗ ಹಬ್ಬುತ್ತದೆಂಬ ಮಾತು ಹುರುಳಿಲ್ಲದ್ದು. ವೈದ್ಯರು ಪರೀಕ್ಷೆಗಳಿಗಾಗಿ ತೆಗೆದುಕೊಳ್ಳುವ ವಾರಗಳು ಚಿಕಿತ್ಸೆಯ ಅಂಗವೇ ಆಗಿವೆ. ಕೆಲವರಿಗೆ ಮೊದಲು ಔಷಧವನ್ನು ಕೊಟ್ಟು ಗಂಟನ್ನು ಕುಗ್ಗಿಸಿ ಅನಂತರ ಶಸ್ತ್ರಚಿಕಿತ್ಸೆ ಮಾಡುವುದೂ ಉಂಟು. ಆದರೆ ಬೇರುನಾರುಗಳನ್ನು ನಂಬಿ ಗೊತ್ತಾದ ದಿನವನ್ನು ತಪ್ಪಿಸಿಕೊಂಡರೆ ರೋಗಕ್ಕೆ ಹೊತ್ತನ್ನು ದಾನ ಮಾಡಿದಂತೆ. ಹರಕೆ ಹೊರುವವರು ಹೊರಲಿ, ಪ್ರಾರ್ಥಿಸುವವರು ಪ್ರಾರ್ಥಿಸಲಿ. ಪ್ರಾರ್ಥನೆ ಆಸ್ಪತ್ರೆಯ ದಾರಿಗೆ ಬುತ್ತಿಯಾಗಬೇಕು, ಅಡ್ಡಗಟ್ಟೆಯಾಗಬಾರದು.

ಮೂರನೆಯ ಪ್ರಶ್ನೆ ಕಳಂಕದ್ದು. ‘ಯಾವ ಪಾಪಕ್ಕೆ ಇದು ಬಂತೋ’ ಎಂಬ ಮಾತು ಸಂತಾಪದ ವೇಷದಲ್ಲಿ ಬಂದು ರೋಗಿಯನ್ನು ಅಪರಾಧಿಯನ್ನಾಗಿ ಮಾಡುತ್ತದೆ. ಆಕೆಯ ತಟ್ಟೆಲೋಟವನ್ನು ಬೇರೆ ಇಡುವ ಮನೆಗಳೂ ಇವೆ. ಕ್ಯಾನ್ಸರ್ ಮುಟ್ಟಿದರೆ ಅಂಟುವ ರೋಗವಲ್ಲ. ಜೊತೆಯಲ್ಲಿ ಉಂಡರೆ, ಒಂದೇ ಹಾಸಿಗೆಯಲ್ಲಿ ಮಲಗಿದರೆ ಬರತಕ್ಕದ್ದಲ್ಲ. ದೇಹದ ಜೀವಕಣಗಳು ತಮ್ಮ ಕಟ್ಟಳೆಯನ್ನು ಮೀರಿ ಬೆಳೆಯುವುದೇ ಈ ರೋಗ; ಅದು ನೀತಿವಂತರನ್ನೂ ಅನೀತಿವಂತರನ್ನೂ ಭೇದವಿಲ್ಲದೆ ಹಿಡಿಯುತ್ತದೆ. ಹುಟ್ಟುಸಾವುಗಳಲ್ಲಿ, ಸ್ತ್ರೀದೇಹದ ಸಹಜಧರ್ಮದಲ್ಲಿ, ಎಂಜಲಿನಲ್ಲಿ, ಜಾತಿಯಲ್ಲಿ ಸೂತಕವನ್ನು ಕಾಣಬಾರದೆಂದು ಸಾರಿದ ಶರಣರ ದಾರಿಯಲ್ಲಿ ನಡೆಯುವವರು ರೋಗದಲ್ಲಿ ಹೊಸ ಸೂತಕವೊಂದನ್ನು ಸೃಷ್ಟಿಸುವುದುಂಟೆ? ಇಂಥ ಮಾತು ಆಡಿದವರಿಗೆ ಉತ್ತರ ಕೊಡತಕ್ಕವನು ಪತಿ. ವಾದಿಸಬೇಕಾಗಿಲ್ಲ, ಆಕೆಯ ಬಳಿಯಲ್ಲಿ ಕುಳಿತು ಎಲ್ಲರೆದುರಿಗೆ ಒಂದೇ ತಟ್ಟೆಯಲ್ಲಿ ಉಂಡರೆ ಅದೇ ಉತ್ತರ.

ನಾಲ್ಕನೆಯ ಪ್ರಶ್ನೆ ಸೇವೆಯದು, ಇದು ಎಲ್ಲಕ್ಕಿಂತ ಸೂಕ್ಷ್ಮವಾದುದು. ಆ ಮನೆಯೊಡತಿ ಇಷ್ಟು ಕಾಲ ನೀಡಿದವಳು. ಬೆಳಗಿನ ಕಸಮುಸುರೆಯಿಂದ ರಾತ್ರಿಯ ಕೊನೆಯ ರೊಟ್ಟಿಯವರೆಗೆ ಆಕೆಯ ಕೈ ಕೊಟ್ಟದ್ದೇ ಹೊರತು ಪಡೆದದ್ದಿಲ್ಲ. ಉಪ್ಪಿನ ಭರಣಿ ಎಲ್ಲಿದೆಯೆಂಬುದು ಪತಿಗೆ ಗೊತ್ತಿಲ್ಲ. ಈಗ ಆತನು ಒಲೆಯ ಮುಂದೆ ಕುಳಿತು ಹಿಟ್ಟು ನಾದತೊಡಗಿದರೆ ಆಕೆಗೆ ಕಣ್ಣು ತುಂಬುತ್ತದೆ, ನಾಚಿಕೆಯೂ ಆಗುತ್ತದೆ. ರೊಟ್ಟಿ ಹರಿಯುತ್ತದೆ, ಹೊತ್ತುತ್ತದೆ. ಆಕೆ ಎದ್ದು ಬಂದು ಕೈಯಿಂದ ಹಿಟ್ಟನ್ನು ಕಿತ್ತುಕೊಳ್ಳುತ್ತಾಳೆ. ಆಗ ಏನು ಮಾಡಬೇಕು? ಬಲವಂತದಿಂದ ಆಕೆಯನ್ನು ಮಲಗಿಸುವುದು ಸೇವೆಯಲ್ಲ. ಶಕ್ತಿಯಿರುವವರೆಗೆ ಆಕೆಯ ಕೆಲಸವನ್ನು ಆಕೆಯಿಂದ ಕಸಿಯಬಾರದು. ಕಸಿದರೆ ರೋಗ ಬರುವ ಮೊದಲೇ ಆಕೆಯನ್ನು ರೋಗಿಯನ್ನಾಗಿ ಮಾಡಿದಂತೆ. ಆಕೆ ತಟ್ಟಲಿ, ಆತನು ಬೇಯಿಸಲಿ. ದಣಿದಾಗ ಆಕೆ ಕುಳಿತು ಹೇಳಲಿ, ಆತನು ಕಲಿಯಲಿ. ಶಸ್ತ್ರಚಿಕಿತ್ಸೆಯಾದ ಮೇಲೆ ಕೆಲಕಾಲ ಆಕೆಯ ತೋಳನ್ನು ಎತ್ತಲಾಗದು, ಕೊಡವನ್ನು ಹೊರಲಾಗದು. ಆಗ ಬೇಕಾಗುವ ವಿದ್ಯೆಯನ್ನು ಈಗಲೇ ಕಲಿತಂತಾಯಿತು.

ದಾಸೋಹವೆಂದರೆ ನೀಡುವವನು ತಾನು ದೊಡ್ಡವನೆಂಬ ಭಾವವನ್ನು ಕಳೆದುಕೊಳ್ಳುವುದು. ಇದನ್ನು ಎಲ್ಲರೂ ಬಲ್ಲರು. ಆದರೆ ಪಡೆಯುವವರು ತಾವು ಹೊರೆಯೆಂಬ ಭಾವವನ್ನು ಕಳೆದುಕೊಳ್ಳುವುದೂ ದಾಸೋಹದ ಇನ್ನೊಂದು ಮುಖವೇ ಆಗಿದೆ. ನೀಡುವ ಕೈಯೇ ಪಡೆಯುವ ಕೈಯಾದಾಗ ಸತಿಪತಿಗಳ ನಡುವಿನ ಮೇಲುಕೀಳಿನ ಲೆಕ್ಕ ಅಳಿಸಿಹೋಗುತ್ತದೆ. ಮದುವೆಯ ದಿನ ಆಡಿದ ಮಾತು ಮೂವತ್ತು ವರ್ಷಗಳ ಮೇಲೆ ನಿಜವಾಗುವುದು ಇಂಥ ಒಲೆಯ ಮುಂದೆಯೇ.

ಕಾಯುವವನಿಗೂ ಭಯವಿರುವುದಷ್ಟೆ. ಪುರುಷನಾದವನು ಅಳಬಾರದೆಂಬ ಕಟ್ಟಳೆ ಆತನನ್ನು ಹೊಲದ ಬದುವಿಗೆ ಅಟ್ಟುತ್ತದೆ. ಅಲ್ಲಿ ಒಬ್ಬನೇ ಅತ್ತು, ಮುಖ ತೊಳೆದುಕೊಂಡು ಮನೆಗೆ ಬರುತ್ತಾನೆ. ಅಳುವುದು ಅವಿಶ್ವಾಸವಲ್ಲ. ಒಬ್ಬ ಅಣ್ಣನೊಡನೆಯೋ ಗೆಳೆಯನೊಡನೆಯೋ ಗುರುವಿನೊಡನೆಯೋ ಮನಸ್ಸನ್ನು ತೋಡಿಕೊಂಡರೆ ಭಾರ ಇಳಿಯುತ್ತದೆ. ಸತಿಯೊಡನೆಯೂ ‘ನನಗೂ ಹೆದರಿಕೆಯಾಗುತ್ತದೆ’ ಎಂದು ಒಮ್ಮೆ ಹೇಳಬಹುದು. ಆಕೆ ಕುಗ್ಗುವುದಿಲ್ಲ, ತಾನೊಬ್ಬಳೇ ಅಲ್ಲವೆಂದು ಧೈರ್ಯಗೊಳ್ಳುತ್ತಾಳೆ. ಹಲವರಿಗೆ ಶಸ್ತ್ರಕ್ಕಿಂತ ಅರಿವಳಿಕೆಯ ಭಯ ಹೆಚ್ಚು. ‘ಎಚ್ಚರ ತಪ್ಪಿದವಳು ಎಚ್ಚರಾಗದೆ ಹೋದರೆ?’ ಎಂಬ ಶಂಕೆ. ಈ ಮದ್ದಿನ ಹಿಂದೆ ಒಬ್ಬ ಸತಿಯ ತ್ಯಾಗವಿದೆಯೆಂಬುದನ್ನು ಬಲ್ಲವರು ಕಡಮೆ. ಜಪಾನಿನ ವೈದ್ಯ ಹನಾಓಕಾ ಸೈಶೂ 1804ರಲ್ಲಿ ಮೂಲಿಕೆಗಳ ಮದ್ದಿನಿಂದ ಎಚ್ಚರ ತಪ್ಪಿಸಿ, ಅರುವತ್ತು ವರ್ಷದ ಸ್ತ್ರೀಯೊಬ್ಬಳ ಸ್ತನದ ಕ್ಯಾನ್ಸರನ್ನು ತೆಗೆದನು. ಆ ಮದ್ದಿನ ಪ್ರಯೋಗಕ್ಕೆ ತನ್ನನ್ನು ಒಡ್ಡಿಕೊಂಡ ಆತನ ಪತ್ನಿ ಕಾಎ ಕಣ್ಣುಗಳನ್ನೇ ಕಳೆದುಕೊಂಡಳೆಂದು ಚರಿತ್ರೆ ಹೇಳುತ್ತದೆ. 1846ರಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿ ಈಥರ್ ಮದ್ದಿನ ಪ್ರದರ್ಶನವಾದ ಮೇಲೆ ಈ ವಿದ್ಯೆ ಜಗತ್ತಿಗೆಲ್ಲ ಹರಡಿತು. ಇಂದು ಅರಿವಳಿಕೆಯ ವೈದ್ಯರು ಮೊದಲೇ ರೋಗಿಯನ್ನು ಪರೀಕ್ಷಿಸಿ, ಶಸ್ತ್ರಚಿಕಿತ್ಸೆಯುದ್ದಕ್ಕೂ ಉಸಿರನ್ನೂ ನಾಡಿಯನ್ನೂ ನೋಡುತ್ತಲೇ ಇರುತ್ತಾರೆ. ಅವರದೂ ಒಂದು ಕಾಯುವ ಕಾಯಕವೇ.

ಕಡೆಗೆ ಆ ದಿನ ಬರುತ್ತದೆ. ಹಿಂದಿನ ರಾತ್ರಿಯಿಂದ ವೈದ್ಯರು ಹೇಳಿದಷ್ಟು ಹೊತ್ತು ಆಕೆ ನಿರಾಹಾರಿ. ಬೆಳಗ್ಗೆ ದಾದಿ ಬಂದು ಬಳೆ, ಓಲೆ, ತಾಳಿ, ಮೈಮೇಲಿರುವ ಎಲ್ಲವನ್ನೂ ತೆಗೆಯಬೇಕೆನ್ನುತ್ತಾಳೆ. ಶಸ್ತ್ರಚಿಕಿತ್ಸೆಯಲ್ಲಿ ವಿದ್ಯುತ್ತಿನ ಉಪಕರಣಗಳನ್ನು ಬಳಸುವುದರಿಂದ ಲೋಹವಿದ್ದೆಡೆ ಮೈ ಸುಡುವ ಅಪಾಯವಿದೆ. ಕೊಯ್ಯುವ ಭಾಗವನ್ನು ಸೋಂಕಿಲ್ಲದಂತೆ ಶುದ್ಧಗೊಳಿಸಲೂ ಬೇಕು. ಲಿಂಗವಂತ ಸ್ತ್ರೀಗೆ ಆಗ ಎಲ್ಲಕ್ಕಿಂತ ದೊಡ್ಡ ಸಂಕಟ ಎದುರಾಗುತ್ತದೆ. ಎದೆಯ ಮೇಲಿನ ಕರಡಿಗೆಯನ್ನು ತೆಗೆಯಬೇಕು. ದೀಕ್ಷೆಯಾದಂದಿನಿಂದ ಮೈಯನ್ನು ಅಗಲದ ಇಷ್ಟಲಿಂಗವನ್ನು, ಜೀವ ಹೋಗಿ ಬರುವ ಆ ಗಳಿಗೆಯಲ್ಲಿಯೇ ಅಗಲಬೇಕೆ? ಈ ಶಂಕೆಯನ್ನು ಅಜ್ಞಾನವೆಂದು ನಗತಕ್ಕದ್ದಲ್ಲ. ನಿಯಮವೆಂದು ಗದರಿಸತಕ್ಕದ್ದೂ ಅಲ್ಲ. ಪತಿಯಾದವನು ಇದನ್ನು ಮೂರು ವಾರಗಳ ಮೊದಲೇ ಮುಂಗಂಡು, ಗುರುಗಳನ್ನೂ ವೈದ್ಯರನ್ನೂ ಕೇಳಿ, ಆಕೆಯ ಮನಸ್ಸಿಗೆ ಸಮಾಧಾನವಾಗುವಂತೆ ನಿಶ್ಚಯಿಸಿಕೊಂಡಿರಬೇಕು.

ಶರಣರು ಇಷ್ಟಲಿಂಗವೊಂದನ್ನೇ ಹೇಳಿ ನಿಲ್ಲಲಿಲ್ಲ. ಪ್ರಾಣಲಿಂಗ, ಭಾವಲಿಂಗಗಳನ್ನೂ ಹೇಳಿದರು. ಕಾಯದ ಮೇಲಿರುವುದು ಇಷ್ಟಲಿಂಗ, ಪ್ರಾಣದಲ್ಲಿ ನೆಲೆಗೊಂಡುದು ಪ್ರಾಣಲಿಂಗ. ಉಸಿರು ಆಡುವವರೆಗೆ ಪ್ರಾಣಲಿಂಗವನ್ನು ತೆಗೆದಿಡುವವರು ಯಾರು? ಯಾವ ದಾದಿಯ ಕೈಗೂ ಅದು ನಿಲುಕದು. ಕಾಯವನ್ನು ಉಳಿಸಿಕೊಳ್ಳುವುದಕ್ಕಾಗಿ ಕೆಲವು ಗಳಿಗೆ ಕರಡಿಗೆಯನ್ನು ತೆಗೆದಿಡುವುದು ವಿಯೋಗವಲ್ಲ; ಮರಳಿ ಧರಿಸಿ ಪೂಜಿಸುವ ಸಂಕಲ್ಪವೇ ಆಗಿದೆ. ಹೀಗೆ ತಿಳಿದ ಸತಿ ಅಂದು ಮುಂಜಾನೆ ಬೇಗನೆ ಎದ್ದು ಪೂಜೆಯನ್ನು ಮುಗಿಸಿ, ಕರಡಿಗೆಯನ್ನು ಶುಭ್ರವಾದ ವಸ್ತ್ರದಲ್ಲಿ ಕಟ್ಟಿ ಪತಿಯ ಕೈಯಲ್ಲಿಡುತ್ತಾಳೆ. ಗಾಲಿಮಂಚ ಒಳಕ್ಕೆ ಹೋಗುತ್ತದೆ, ಬಾಗಿಲು ಮುಚ್ಚುತ್ತದೆ.

ಆ ಬಾಗಿಲಿನ ಹೊರಗೆ ಪತಿ ಬೆಂಚಿನ ಮೇಲೆ ಕುಳಿತಿದ್ದಾನೆ. ಮೂರು ವಾರಗಳ ಹಿಂದೆ ಆಕೆ ಹೊರಗೆ ಕುಳಿತಿದ್ದಳು, ಆತನು ಒಳಗಿದ್ದನು. ಅಂದು ಅವರ ನಡುವೆ ತಿಳಿಯದ ಮಾತೊಂದಿತ್ತು. ಇಂದು ಗೋಡೆಯೊಂದಿದೆ, ಆದರೆ ಬಚ್ಚಿಟ್ಟ ಮಾತಿಲ್ಲ. ಒಳಗೆ ಏನಾಗುವುದೆಂಬುದು ಆತನ ಕೈಯಲ್ಲಿಲ್ಲ. ಆತನ ಕೈಯಲ್ಲಿರುವುದು ಆಕೆ ನಂಬಿ ಕೊಟ್ಟ ಕರಡಿಗೆ. ಅದನ್ನು ಎರಡೂ ಅಂಗೈಗಳಲ್ಲಿ ಹಿಡಿದು ಆತನು ಕುಳಿತಿದ್ದಾನೆ. ಬರಲಿರುವವಳನ್ನು ಎದುರುನೋಡುತ್ತಿದ್ದಾನೆ, ಆಕೆಯದನ್ನು ಕಾಪಾಡುತ್ತಿದ್ದಾನೆ. ‘ಕಾಯು’ ಎಂಬ ಮಾತಿನ ಎರಡು ಅರ್ಥಗಳು ಅಲ್ಲಿ ಒಂದಾಗುತ್ತವೆ. ಅಂದಿನ ಅಕ್ಕಿಯನ್ನು ಅಂದು ಆಯ್ದವನಿಗೆ ನಾಳಿನ ಲೆಕ್ಕವನ್ನು ಯಾರೂ ಕೇಳರು. ಅಂದಿನ ಕಾಯಕವನ್ನು ಅಂದು ನಡೆಸಿದ ದಂಪತಿಗಳಿಗೆ, ಬಾಗಿಲು ತೆರೆದು ಬರುವ ಸುದ್ದಿ ಯಾವುದೇ ಆಗಲಿ, ಅದನ್ನು ಕೂಡಿ ಕೇಳುವ ಬಲ ಬಂದಿರುತ್ತದೆ.